ಕ್ಲೀನರ್ ಸೀಟಿನ ನೀರು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಮನುಷ್ಯರು ಮಾಡಿದ ಕೇಡನ್ನೆಲ್ಲ ಗಾಳಿಯ ತಲೆಗೆ ಕಟ್ಟುವ ರೂಢಿ ನಮ್ಮ ಕಡೆ ಮೊದಲಿನಿಂದಲೂ ಇದೆ. ಗಂಡ ಹೊಡೆದು ಹೊಡೆದು ಹೆಂಡತಿ ಮಂಕಾಗಿ ಕುಳಿತರೆ ಗಾಳಿ ಸೋಂಕಿದೆ ಎನ್ನುತ್ತಾರೆ. ತಡೆಗೋಡೆ ಇಲ್ಲದ ಕಾಲುವೆಗೆ ಮನುಷ್ಯ ಬಿದ್ದರೆ ಆ ಜಾಗವೇ ಸರಿಯಿಲ್ಲ ಎನ್ನುತ್ತಾರೆ. ಒಂದು ನಿಂಬೆಹಣ್ಣು ಕೊಯ್ದು ಕೈ ತೊಳೆದುಕೊಂಡರೆ ಎಲ್ಲರಿಗೂ ಸುಲಭ. ಹಾಗಾಗಿ ಇಂಥ ಕತೆ ಹೇಳುವವರ ಬಾಯಿಯನ್ನು ನಾನು ಅರ್ಧಕ್ಕೇ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದನ್ನು ಬರೆಯಲು ಕುಳಿತಿದ್ದೇನೆ. ನೀವು ಅರ್ಧಕ್ಕೇ ಎದ್ದುಹೋದರೂ ನಾನು ತಪ್ಪು ತಿಳಿಯುವುದಿಲ್ಲ.

ಗಂಗಾವತಿಯ ಕೊಪ್ಪಳ ರಸ್ತೆಯಲ್ಲಿ ನಮ್ಮದು ಸೀಟು ಹೊಲಿಯುವ ಅಂಗಡಿ. ಲಾರಿ, ಟ್ರ್ಯಾಕ್ಟರ್, ಆಟೋ, ಭತ್ತ ಕೊಯ್ಯುವ ಮಷಿನ್ನು, ಯಾವುದೇ ಇರಲಿ, ಕುಳಿತುಕೊಳ್ಳುವ ಜಾಗ ಹರಿದರೆ ನಮ್ಮಲ್ಲಿಗೆ ಬರುತ್ತಾರೆ. ಲಾರಿ ಕ್ಯಾಬಿನ್ನಿನ ಒಳಚಾವಣಿಗೆ ರೆಕ್ಸಿನ್ ಹೊದಿಸುವುದು, ಮುಂದಿನ ಗಾಜಿನ ಸುತ್ತಲಿನ ರಬ್ಬರು ಬದಲಿಸುವುದು, ಲೋಡಿನ ಮೇಲೆ ಹೊದಿಸುವ ತಾಡಪತ್ರಿಗೆ ತೇಪೆ ಹಾಕುವುದು ಕೂಡ ನಮ್ಮದೇ ಕೆಲಸ. ಅಪ್ಪ ಹಾಕಿದ ಅಂಗಡಿ ಇದು. ಅಪ್ಪ ಹೋದ ಮೇಲೆ, ಮುಚ್ಚಿ ಮೊಬೈಲ್ ಅಂಗಡಿಯವರಿಗೆ ಬಾಡಿಗೆಗೆ ಕೊಡೋಣ ಎಂದು ಅಣ್ಣ ಹಟ ಹಿಡಿದ. ಕೊಡುವುದಿಲ್ಲ ಎಂದು ಮಷಿನ್ನಿನ ಮುಂದೆ ಕುಳಿತವಳು ನಾನು ಇನ್ನೂ ಎದ್ದಿಲ್ಲ. ಹೆಂಗಸೊಬ್ಬಳು ಪಾನಾ ಹಿಡಿದು ಲಾರಿ ಹತ್ತಿ ಸೀಟು ಬಿಚ್ಚುವುದನ್ನು ನೋಡಲಿಕ್ಕೆಂದೇ ಎದುರಿನ ಚಹಾದಂಗಡಿಯಲ್ಲಿ ಜನ ಮೊದಮೊದಲು ಎರಡೆರಡು ಸಲ ಚಹಾ ಕುಡಿಯುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು.

ಅಪ್ಪ ಅಂಗಡಿಯಲ್ಲಿ ಒಂದು ಪದ್ಧತಿ ಇಟ್ಟಿದ್ದರು. ಹೊಸ ಸೀಟು ಕೂಡಿಸಿದ ದಿನ ಕಾಯಿ ಒಡೆದು, ಆ ಸೀಟಿನ ಮೇಲೆ ಯಾರು ಕುಳಿತು ದುಡಿಯುತ್ತಾರೋ ಅವರನ್ನೇ ಮೊದಲು ಕೂಡಿಸಬೇಕು. ಬಲಗಡೆಯ ಸೀಟಿಗೆ ಡ್ರೈವರು, ಎಡಗಡೆಯ ಸೀಟಿಗೆ ಕ್ಲೀನರು. ಮಾಲೀಕ ಎಷ್ಟೇ ದೊಡ್ಡವನಿದ್ದರೂ ಅವನ ಸರದಿ ಆಮೇಲೆ. 'ರೊಕ್ಕಾ ಕೊಟ್ಟಾವ ಒಂದಿನಾ ಕುಂದ್ರತಾನ, ದುಡಿಯಾವ ದಿನಾ ಕುಂದ್ರತಾನ' ಎನ್ನುತ್ತಿದ್ದರು. ಕೆಲವು ಮಾಲೀಕರು ಮೂಗು ಮುರಿದರೂ ಅಪ್ಪ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಆಗ ನಮ್ಮ ಅಂಗಡಿಗೆ ಬರುತ್ತಿದ್ದ ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರೇ ಸಾವುಕಾರರವು. ಅಕ್ಕಿ ಗಿರಣಿ ಅವರದು, ಮೆಕ್ಕೆಜೋಳದ ವ್ಯಾಪಾರ ಅವರದು. ಹೆಸರು ಬೇಡ. ನಾನು ಅವರಿಗೆ ಬಹುವಚನ ಹಚ್ಚುವುದು ಊರಿನ ರೂಢಿಯಿಂದ, ಗೌರವದಿಂದಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಅವರ ಲಾರಿಗಳಲ್ಲಿ ಎಲ್ಲಕ್ಕಿಂತ ಹಳೆಯದೊಂದಿತ್ತು. ಕಟ್ಟಿಗೆಯ ಚೌಕಟ್ಟಿಗೆ ತಗಡು ಹೊಡೆದು ಕಟ್ಟಿದ ಕ್ಯಾಬಿನ್ನು, ಅದರ ತಲೆಯ ಮೇಲೆ ಹಗ್ಗ ತಾಡಪತ್ರಿ ಇಡಲು ಕಬ್ಬಿಣದ ಕ್ಯಾರಿಯರು. ಡ್ರೈವರು ಯಮನೂರಪ್ಪ. ಕ್ಲೀನರು ದುರುಗಪ್ಪ. ಕ್ಲೀನರ್ ಎಂದರೆ ಹುಡುಗ ಎಂದುಕೊಳ್ಳಬೇಡಿ, ತಲೆ ಬೆಳ್ಳಗಾದ ಮನುಷ್ಯ, ಯಲಬುರ್ಗಾ ಕಡೆಯ ಹಳ್ಳಿಯವನು. ಒಂದು ಕಣ್ಣು ಮಸುಕು ಇದ್ದುದರಿಂದ ಜೀವನವಿಡೀ ಎಡಗಡೆಯ ಸೀಟಿನಲ್ಲೇ ಕಳೆದವನು. ಅಪ್ಪನ ಕಾಲದಿಂದ ಅಂಗಡಿಗೆ ಬರುತ್ತಿದ್ದ, ನಾನು ಕಾಕಾ ಎನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಆ ಲಾರಿಯ ಎರಡೂ ಸೀಟನ್ನೂ ಒಳಚಾವಣಿಯನ್ನೂ ಹೊಸದಾಗಿ ಮಾಡಿಕೊಟ್ಟೆ. ಕೆಂಪು ರೆಕ್ಸಿನ್ನು, ಅಂಚಿಗೆ ಹಳದಿ ಪಟ್ಟಿ. ಕಾಯಿ ಒಡೆದು ಹತ್ತು ಕಾಕಾ ಎಂದರೆ ದುರುಗಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ತನ್ನ ಧೋತರದ ಹಿಂಭಾಗವನ್ನೇ ಜಾಡಿಸಿಕೊಂಡ. ಆಮೇಲೆ ಹತ್ತಿ ಸೀಟಿನ ತುದಿಗೆ ಕುಳಿತ.

'ಪೂರಾ ಕುಂದ್ರು ಕಾಕಾ, ಮುಳ್ಳ ಅದಾವೇನು?' ಎಂದೆ.

'ಬ್ಯಾಡ ಯವ್ವಾ, ಹೊಸಾದೈತಿ. ಹೊಲಸಾಕ್ಕೈತಿ' ಎಂದ. ನಾನು ಗದರಿದ ಮೇಲೆ ಹಿಂದಕ್ಕೆ ಒರಗಿ, ಪಕ್ಕದ ರೆಕ್ಸಿನ್ನನ್ನು ಎಮ್ಮೆಯ ಬೆನ್ನು ಸವರಿದಂತೆ ಸವರಿದ. ಭಾಳ ಛಲೋ ಆಗೈತಿ ಎಂದು ಎರಡು ಸಲ ಹೇಳಿದ.

ಮರುವರ್ಷ ಜೂನಿನಲ್ಲಿ ಮಿರಗದ ಮಳೆ ಹಿಡಿಯಿತು. ಯಮನೂರಪ್ಪ ಲಾರಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಎಡಗಡೆಯ ಸೀಟು ಪೂರ್ತಿ ತೊಯ್ದಿತ್ತು, ಒತ್ತಿದರೆ ಹೊಲಿಗೆಯ ಸಂದಿನಿಂದ ನೀರು ಉಕ್ಕುತ್ತಿತ್ತು. ದುರುಗಪ್ಪ ಜೊತೆಗಿರಲಿಲ್ಲ. ಕಾಕಾ ಎಲ್ಲಿ ಎಂದು ಕೇಳಿದರೆ, 'ಕೆಲಸಾ ಬಿಟ್ಟಾನ್ರಿ ಅಕ್ಕಾರ, ಊರಿಗೆ ಹೋಗ್ಯಾನ' ಎಂದ ಯಮನೂರಪ್ಪ, ನನ್ನ ಮುಖ ನೋಡದೆ. ಕ್ಲೀನರುಗಳು ಕೆಲಸ ಬಿಡುವುದು ದೊಡ್ಡ ಸುದ್ದಿಯಲ್ಲ. ನಾನು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಸಾವುಕಾರರ ಫೋನು ಬಂತು. 'ಏನವಾ, ರೆಕ್ಸಿನ್ ಹೊಲದೀಯೋ, ಜಲ್ಲಡಿ ಹೊಲದೀಯೋ? ನಿನ್ನ ಸೂಜಿ ತೂತಿನಾಗಿಂದ ನೀರ ಸೋರಾಕತ್ತಾವು' ಎಂದರು. ರೆಕ್ಸಿನ್ ಇರುವುದು ತಗಡಿನ ಕೆಳಗೆ. ತಗಡು ಗಟ್ಟಿಯಿದ್ದರೆ ನನ್ನ ಹೊಲಿಗೆಗೆ ನೀರು ಮುಟ್ಟುವುದೇ ಇಲ್ಲ, ತಗಡು ತೂತಾದರೆ ಅದು ನನ್ನ ಕೈಕೆಲಸವಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನು ಇಟ್ಟಿದ್ದರು. ನಾನು ಹಲ್ಲು ಕಚ್ಚಿಕೊಂಡು ಚಾವಣಿ ಬಿಚ್ಚಿದೆ.

ನೀರಿಗೆ ದಾರಿ ಬೇಕು ಎಂದು ಅಪ್ಪ ಹೇಳುತ್ತಿದ್ದರು. ಅದು ಒಂದು ಕಡೆ ಒಳಗೆ ಬಂದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕುವ ಜಾಗವನ್ನು ಬೈದು ಪ್ರಯೋಜನವಿಲ್ಲ, ದಾರಿ ಹಿಡಿದು ಹಿಂದಕ್ಕೆ ಹೋಗಬೇಕು. ಹಾಗೇ ಹೋದೆ. ಕ್ಯಾರಿಯರಿನ ಒಂದು ಬೋಲ್ಟಿನ ಸುತ್ತ ತಗಡು ತುಕ್ಕು ತಿಂದು ಸಡಿಲಾಗಿತ್ತು. ಅಲ್ಲಿಂದ ಕಟ್ಟಿಗೆಯ ಪಟ್ಟಿಯ ಮೇಲೆ ನೀರು ಹರಿದ ಕಪ್ಪು ಗೆರೆ ಎಡಗಡೆಗೆ ಬಂದಿತ್ತು. ಸಿಕ್ಕಿತಲ್ಲ ಕಳ್ಳ ಎಂದು ಸಮಾಧಾನವಾಯಿತು. ತುಕ್ಕು ಕೆರೆದು, ರಬ್ಬರಿನ ಬಿಲ್ಲೆ ಕೊಟ್ಟು ಬೋಲ್ಟು ಬಿಗಿದು, ಸುತ್ತಲೂ ಗಮ್ಮು ತುಂಬಿದೆ. ಯಮನೂರಪ್ಪ ಪೈಪು ಹಿಡಿದು ಮೇಲಿನಿಂದ ನೀರು ಸುರಿದ, ನಾನು ಒಳಗೆ ಕುಳಿತು ನೋಡಿದೆ. ಒಂದು ಹನಿ ಬರಲಿಲ್ಲ. ಸ್ಪಂಜು ಒಣಗಿಸಿ ಸೀಟು ಕಟ್ಟಿ ಕಳಿಸಿಕೊಟ್ಟೆ.

ಮುಂದಿನ ಮಳೆಗೆ ಲಾರಿ ತಿರುಗಿ ಬಂತು. ಅದೇ ಸೀಟು, ಅಷ್ಟೇ ನೀರು. ಈ ಸಲ ಮುಂದಿನ ಗಾಜಿನ ರಬ್ಬರು ಪೂರ್ತಿ ಬದಲಿಸಿದೆ. ಎಡಗಡೆಯ ಬಾಗಿಲಿನ ಪಟ್ಟಿ ಬದಲಿಸಿದೆ. ಹೆಸರಿನ ಹಲಗೆಯ ಸ್ಕ್ರೂಗಳನ್ನೂ ಬಿಡದೆ ಒಂದೊಂದಾಗಿ ತೆಗೆದು ಗಮ್ಮು ಹಚ್ಚಿ ಕೂಡಿಸಿದೆ. ಮತ್ತೆ ಪೈಪು ಹಿಡಿದು ನೋಡಿದೆವು, ಒಳಗೆಲ್ಲ ಒಣ. ಅದಾದ ಮೇಲೆ ಮಳೆ ಬಂತು, ಲಾರಿಯೂ ಬಂತು. ಯಮನೂರಪ್ಪ ಎಡಗಡೆಯ ಸೀಟಿನ ಮೇಲೆ ಗೋಣಿಚೀಲ ಮುಚ್ಚಿ ತಂದಿದ್ದ, ಅದನ್ನು ತೆಗೆಯಲು ನನಗೇ ಹೇಳಿದ. ತಾನು ಮುಟ್ಟಲಿಲ್ಲ.

ಈ ಸಲ ಸಾವುಕಾರರು ಫೋನಿನಲ್ಲಿ ಅಲ್ಲ, ಬಜಾರದಲ್ಲಿ ಹೇಳಿದರು. 'ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಳಂತ. ಹೆಣ್ಮಕ್ಕಳ ಕೈಯಾಗ ಲಾರಿ ಕೊಟ್ಟದ್ದ ನಂದ ತಪ್ಪು' ಎಂದು ನಾಲ್ಕು ಜನ ಮಾಲೀಕರ ಮುಂದೆ ನಕ್ಕರಂತೆ. ಈ ವಾರದೊಳಗೆ ಸೋರುವುದು ನಿಲ್ಲದಿದ್ದರೆ ತಮ್ಮ ಲಾರಿಗಳೆಲ್ಲ ಹೊಸಪೇಟೆಗೆ ಹೋಗುತ್ತವೆ, ಉಳಿದವರಿಗೂ ಅದೇ ಹೇಳುತ್ತೇನೆ ಎಂದರಂತೆ. ಅವರ ಲಾರಿಗಳು ಹೋದರೆ ಅಂಗಡಿ ನಡೆಯುವುದು ಕಷ್ಟ. ಅಣ್ಣ ಆಗಲೇ ಮೊಬೈಲ್ ಅಂಗಡಿಯವರನ್ನು ಮತ್ತೆ ಮಾತಾಡಿಸಿ ಬಂದಿದ್ದ. 'ತಪ್ಪಾತ್ರಿ ಅಂದ ಬಿಡವಾ, ಏನ ಗಂಟ ಹೊಕ್ಕೈತಿ' ಎಂದು ನನಗೆ ಬುದ್ಧಿ ಹೇಳಿದ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಹೋಗುವುದು ಏನು ಎಂದು ಅವನಿಗೆ ತಿಳಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಕೈಗೆ ಸಿಕ್ಕ ದಾರದುಂಡೆ ತೂರಿದೆ, ಅವನು ಹೋದ.

ಮರುದಿನ ಮಧ್ಯಾಹ್ನ ಮೋಡ ಕವಿಯಿತು. ಇವತ್ತು ಮಳೆಯಲ್ಲೇ ಕುಳಿತು ನೋಡಿಬಿಡುತ್ತೇನೆ ಎಂದು ಲಾರಿಯನ್ನು ಅಂಗಡಿಯ ಮುಂದೆಯೇ ನಿಲ್ಲಿಸಿಕೊಂಡೆ. ಚಾವಣಿಯ ರೆಕ್ಸಿನ್ ಬಿಚ್ಚಿಹಾಕಿ, ಗಮ್ಮು ಸವರಿದ ಕಡೆಯಲ್ಲೆಲ್ಲ, ಪ್ರತಿ ಸಂದಿನ ಮೇಲೂ, ಒಣ ರಂಗೋಲಿ ಪುಡಿ ಉದುರದಂತೆ ಒತ್ತಿ ಹಚ್ಚಿದೆ. ನೀರು ಎಲ್ಲಿ ಕಾಲಿಟ್ಟರೂ ಪುಡಿಯಲ್ಲಿ ಗೆರೆ ಬೀಳುತ್ತದೆ, ಇದು ಅಪ್ಪನ ಉಪಾಯ. ಎಡಗಡೆಯ ಸೀಟಿಗೆ ಒಣ ಸ್ಪಂಜು ಹಾಕಿ, ಕೆಳಗಿನಿಂದ ಬೆನ್ನಿನವರೆಗೂ ಬಿಳಿ ಅರಿವೆ ಹಾಸಿದೆ. ಹನಿ ಬಿದ್ದರೆ ಬಿದ್ದ ಜಾಗ ಗೊತ್ತಾಗಬೇಕು. ಯಮನೂರಪ್ಪನನ್ನು ಚಹಾದಂಗಡಿಗೆ ಅಟ್ಟಿ, ಎರಡೂ ಗಾಜು ಏರಿಸಿ, ಬಾಗಿಲು ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕುಳಿತೆ.

ಮಳೆ ಬಂತು. ನಮ್ಮ ಕಡೆ ಮಳೆ ಬಂದರೆ ಹಾಗೇ, ತಿಂಗಳಾನುಗಟ್ಟಲೆ ಮುಖ ತೋರಿಸದೆ ಒಂದೇ ತಾಸಿನಲ್ಲಿ ಎಲ್ಲ ಬಾಕಿ ಸುರಿದುಬಿಡುತ್ತದೆ. ತಗಡಿನ ಮೇಲೆ ಅದರ ಸದ್ದಿಗೆ ಕಿವಿ ಗವ್ವೆಂದಿತು. ಎದುರಿನ ಚಹಾದಂಗಡಿ ಕಾಣದಂತಾಯಿತು. ನಾನು ಕತ್ತು ಮೇಲೆತ್ತಿ ಚಾವಣಿಯನ್ನೇ ನೋಡುತ್ತಿದ್ದೆ. ಬ್ಯಾಟರಿ ಹಿಡಿದು ಬೋಲ್ಟು ನೋಡಿದೆ, ಗಾಜಿನ ಮೂಲೆ ನೋಡಿದೆ, ಮತ್ತೆ ಬೋಲ್ಟು ನೋಡಿದೆ. ಪುಡಿ ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ನಡುವೆ ಒಮ್ಮೆ ಪಕ್ಕದ ಸೀಟಿನ ಸ್ಪ್ರಿಂಗು ಕಿರ್ ಎಂದಿತು. ಗಾಳಿಗೆ ಲಾರಿ ಅಲುಗಿರಬೇಕು ಎಂದುಕೊಂಡೆ, ಕತ್ತು ತಿರುಗಿಸಲಿಲ್ಲ. ನನ್ನ ಲಕ್ಷ್ಯವೆಲ್ಲ ಮೇಲಿತ್ತು.

ಮಳೆ ನಿಂತಿತು. ಚಾವಣಿಯಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. ಗೆದ್ದೆ ಎಂದು ನಗುತ್ತಾ ಎಡಕ್ಕೆ ತಿರುಗಿದೆ. ಸೀಟಿನ ಮೇಲಿನ ಬಿಳಿ ಅರಿವೆ ತೊಯ್ದಿತ್ತು. ಹನಿ ಬಿದ್ದು ತೊಯ್ದದ್ದಲ್ಲ. ಕುಳಿತುಕೊಳ್ಳುವಲ್ಲಿ ತೊಯ್ದಿತ್ತು, ಒರಗುವಲ್ಲಿ ಹೆಗಲಿನ ಮಟ್ಟದಿಂದ ಕೆಳಗೆ ತೊಯ್ದಿತ್ತು, ಅಂಚುಗಳೆಲ್ಲ ಒಣಗಿದ್ದವು. ಕೆಳಗೆ ರಬ್ಬರ್ ಹಾಸಿನ ಮೇಲೆ ಕಾಲಿಡುವ ಜಾಗದಲ್ಲಿ ಎರಡು ಕಡೆ ನೀರು ನಿಂತಿತ್ತು. ಮಳೆಯಲ್ಲಿ ನೆನೆದು ಬಂದವರು ಕುಳಿತು ಎದ್ದುಹೋದರೆ ಹೇಗಿರುತ್ತದೋ ಹಾಗೇ. ಎಡಗಡೆಯ ಬಾಗಿಲಿನ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು.

ನೀವು ನಂಬಿ, ಬಿಡಿ, ನನಗೆ ಮೊದಲು ಬಂದದ್ದು ಭಯವಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಯಾರೋ ನನ್ನ ಜೊತೆ ಆಟ ಆಡುತ್ತಿದ್ದಾರೆ, ನನ್ನ ಅಂಗಡಿ ಮುಚ್ಚಿಸಲು ಸಾವುಕಾರರೇ ಏನೋ ಮಾಡಿಸಿದ್ದಾರೆ ಎನಿಸಿತು. ಅರಿವೆ ಕಿತ್ತುಕೊಂಡು ಕೆಳಗೆ ಜಿಗಿದು ರಸ್ತೆಯ ರಾಡಿಯಲ್ಲೇ ನಿಂತು ಯಮನೂರಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಏನು ನಡೆಸಿದ್ದೀರಿ ನೀವೆಲ್ಲ ಎಂದು ಕೇಳಿದೆ. ಅವನು ಓಡಿಬಂದು ನನ್ನ ಕೈಯಲ್ಲಿದ್ದ ಅರಿವೆ ನೋಡಿದ. ನಾನು ಅದನ್ನು ಎರಡೂ ಕೈಯಲ್ಲಿ ಹರವಿ ಹಿಡಿದಿದ್ದೆ. ಬೆನ್ನು, ಸೊಂಟ, ತೊಡೆ, ಎಲ್ಲ ಅದರಲ್ಲಿ ಮೂಡಿತ್ತು. ಯಮನೂರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

'ದುರುಗಪ್ಪ ಊರಿಗೆ ಹೋಗಿಲ್ರಿ ಅಕ್ಕಾರ' ಎಂದ. 'ಸತ್ತಾನ.'

ಹೋದ ವರ್ಷ ಹಿಂಗಾರಿನಲ್ಲಿ ಅವರು ಕುಷ್ಟಗಿ ಕಡೆ ಮೆಕ್ಕೆಜೋಳ ತುಂಬಲು ಹೋಗಿದ್ದರಂತೆ. ಸಾವುಕಾರರ ಮನೆಯಲ್ಲಿ ಮದುವೆ. ಇಳಕಲ್ಲಿನಲ್ಲಿ ಕೊಂಡ ಸೀರೆಗಳ ಗಂಟುಗಳನ್ನು ಕುಷ್ಟಗಿಯಲ್ಲಿ ಇದೇ ಲಾರಿಗೆ ಹಾಕಿದರು. ಸೀರೆ ತೋಯಬಾರದೆಂದು ಗಂಟುಗಳನ್ನು ಎಡಗಡೆಯ ಸೀಟಿನ ಮೇಲಿಟ್ಟರು. ಹಿಂದೆ ಮೆಕ್ಕೆಜೋಳಕ್ಕೆ ಹೊದಿಸಿದ ತಾಡಪತ್ರಿ ಹರಿದಿತ್ತು. ಅದು ಹರಿದಿದೆ, ತೇಪೆಗೂ ನಿಲ್ಲುವುದಿಲ್ಲ, ಹೊಸದು ಕೊಳ್ಳಿರಿ ಎಂದು ನಾನೇ ಹೇಳಿ ಕಳಿಸಿದ್ದೆ. ಕೊಂಡಿರಲಿಲ್ಲ. ದುರುಗಪ್ಪ ಮೇಲೆ ಕುಳಿತು ಅದನ್ನು ಹಿಡಿದುಕೊಂಡು ಬರಲಿ ಎಂದು ಸಾವುಕಾರರು ಫೋನಿನಲ್ಲಿ ಅಪ್ಪಣೆ ಕೊಟ್ಟರು. ತಾವರಗೇರಾ ದಾಟಿದ ಮೇಲೆ ಮಳೆ ಹಿಡಿಯಿತು. ಗಂಗಾವತಿ ಬರುವವರೆಗೂ ಬಿಡಲಿಲ್ಲ.

'ಮ್ಯಾಲಿಂದ ತಗಡ ಬಡದಾ ರೀ. ಎರಡ ಮೂರ ಸರ್ತಿ ಬಡದಾ. ಹೊತ್ತಾಗಬಾರದು, ಎಲ್ಲೂ ನಿಲ್ಲಸಬ್ಯಾಡ ಅಂದಿದ್ರು ಸಾವ್ಕಾರ್ರು. ನಾ ನಿಲ್ಲಸಲಿಲ್ಲ' ಎಂದ ಯಮನೂರಪ್ಪ.

ಗಿರಣಿಯ ಮುಂದೆ ದುರುಗಪ್ಪ ಇಳಿದಾಗ ಹಲ್ಲು ಕಟಕಟ ಎನ್ನುತ್ತಿದ್ದವಂತೆ. ಸೀರೆಯ ಗಂಟುಗಳನ್ನು ಆಗಲೇ ಇಳಿಸಿದ್ದರು. ಸ್ವಲ್ಪ ಹೊತ್ತು ಒಳಗೆ ಕುಳಿತುಕೊಳ್ಳುತ್ತೇನೆ ಎಂದು ಅವನು ಬಾಗಿಲಿಗೆ ಕೈ ಹಾಕಿದ. ಸಾವುಕಾರರು ಅಲ್ಲೇ ಕೊಡೆ ಹಿಡಿದು ನಿಂತಿದ್ದರು. 'ಏ, ಹೊಸಾ ಸೀಟು. ತೋಯ್ತೈತಿ. ಕೆಳಗ ನಿಂದರು' ಎಂದರು. ದುರುಗಪ್ಪ ಕೈ ತೆಗೆದು ಕೆಳಗೆ ನಿಂತ. ಆಮೇಲೆ ಬಸ್ಸು ಹತ್ತಿ ಊರಿಗೆ ಹೋದ, ಜ್ವರ ಎದೆಗೆ ಇಳಿಯಿತು, ಅದರಿಂದ ಏಳಲಿಲ್ಲ. ಕೆಲಸ ಬಿಟ್ಟು ಹೋದ ಎಂದು ಎಲ್ಲರಿಗೂ ಹೇಳಬೇಕು ಎಂದು ಯಮನೂರಪ್ಪನಿಗೆ ತಾಕೀತಾಯಿತು. ಗಂಡ ಸತ್ತವಳಿಗೆ ಸಾವುಕಾರರು ಅದೇ ಗಂಟಿನ ಒಂದು ಸೀರೆ ಕಳಿಸಿದರಂತೆ.

ಹೊಸ ಸೀಟು ತೋಯುತ್ತದೆ. ಆ ಸೀಟು ನಾನು ಹೊಲಿದದ್ದು. ಯಾರನ್ನು ಮೊದಲು ಕೂಡಿಸಲೆಂದು ಕಾಯಿ ಒಡೆದಿದ್ದೆನೋ ಅವನನ್ನೇ ಅದರಿಂದ ಇಳಿಸಿದ್ದರು. ಅವತ್ತು ನನಗೆ ಯಾರ ಮೇಲೆ ಸಿಟ್ಟು ಬರಲಿಲ್ಲ ಕೇಳಿ. ಸಾವುಕಾರರ ಮೇಲೆ ಬಂತು, ನಿಲ್ಲಿಸದ ಯಮನೂರಪ್ಪನ ಮೇಲೆ ಬಂತು, ಒಂದು ಮಾತು ಎದುರಾಡದೆ ಕೈ ತೆಗೆದ ದುರುಗಪ್ಪನ ಮೇಲೂ ಬಂತು. ಯಮನೂರಪ್ಪ ಹೋದ ಮೇಲೆ ಆ ಖಾಲಿ ಸೀಟಿಗೆ, 'ಬರಾವ ನನ್ನ ಹೊಲಿಗಿ ಮ್ಯಾಲೆ ಯಾಕ ಬಂದಿ ಕಾಕಾ? ಅವರ ಮನೀಗೆ ಹೋಗು, ಆ ಸೀರಿ ಟ್ರಂಕಿನಾಗ ಕುಂದ್ರು' ಎಂದು ಜೋರಾಗಿ ಹೇಳಿದೆ. ಹೇಳಿದ ಮೇಲೆ, ನಾನು ನಂಬದ ಸಂಗತಿಯ ಜೊತೆ ಜಗಳ ಆಡುತ್ತಿದ್ದೇನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಎಡಗಡೆಯ ಸೀಟನ್ನು ಪೂರ್ತಿ ಹೊಸದಾಗಿ ಮಾಡಿದೆ. ಹೊಸ ಸ್ಪಂಜು, ಹೊಸ ರೆಕ್ಸಿನ್ನು, ಅದೇ ಕೆಂಪು, ಅದೇ ಹಳದಿ ಪಟ್ಟಿ. ಕೂಡಿಸಿ, ಸಾವುಕಾರರಿಗೆ ನಾನೇ ಫೋನು ಮಾಡಿ, ಬಂದು ನೋಡಿಕೊಂಡು ಹೋಗಿರಿ ಎಂದೆ. ಅವರು ಬಂದ ದಿನ ಮಳೆ ಹೊಳವಾಗಿ, ಬಿಸಿಲು ಚುರುಗುಡುತ್ತಿತ್ತು. ಬಿಳಿ ಧೋತರ, ಬಿಳಿ ಅಂಗಿ ಹಾಕಿಕೊಂಡು ತಣ್ಣನೆಯ ಕಾರಿನಿಂದ ಇಳಿದರು. ಅಣ್ಣನೂ ಬಂದು ನಿಂತ. ಚಹಾದಂಗಡಿಯವರು ಚಹಾ ಬಿಟ್ಟು ಈ ಕಡೆ ನೋಡುತ್ತಿದ್ದರು. ನಾನು ಎಲ್ಲರ ಮುಂದೆ ಸೀಟಿನ ಮೇಲೆ ಅಂಗೈ ಒತ್ತಿ ತೋರಿಸಿದೆ, ಒಣಗಿತ್ತು. ಕಾಯಿ ಒಡೆದೆ.

'ನಮ್ಮ ಅಂಗಡಿ ಪದ್ಧತಿ ನಿಮಗ ಗೊತ್ತೈತಿ ಸಾವ್ಕಾರ್ರ. ಈ ಸೀಟಿನ ಮ್ಯಾಲೆ ಕ್ಲೀನರ್ ಮೊದಲ ಕುಂದ್ರಬೇಕು. ದುರುಗಪ್ಪ ಕಾಕಾನ್ನ ಕರಸ್ರಿ' ಎಂದೆ.

'ಅವ ಊರಿಗೆ ಹೋಗ್ಯಾನ.'

'ಯಾವ ಊರಿಗ್ರಿ?'

ಅವರು ಯಮನೂರಪ್ಪನ ಕಡೆ ನೋಡಿದರು. ಅವನು ನೆಲ ನೋಡಿದ. 'ಒಂದ ಸೀಟಿಗೆ ಏಸ ನಾಟಕ ಹಚ್ಚೀದಿ? ಸರಿ ಅತ್ಲಾಗ, ನಾನ ಕುಂದ್ರತೀನಿ' ಎಂದು ಸಾವುಕಾರರು ಧೋತರ ಎತ್ತಿಕೊಂಡು ಹತ್ತಿದರು. ಕುಳಿತರು. ಕಿಟಕಿಯ ಮೇಲೆ ಮೊಣಕೈ ಇಟ್ಟು ಜನರನ್ನು ನೋಡಿ ನಕ್ಕರು. ಆ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಅಲುಗದೆ ಕುಳಿತಿದ್ದವರು ಗಡಬಡಿಸಿ ಬಾಗಿಲು ತೆಗೆದು ಇಳಿದರು. ಇಳಿಯುವಾಗ ನಮಗೆ ಅವರ ಬೆನ್ನು ಕಾಣಿಸಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಧೋತರ ತೊಡೆಗೆ ಅಂಟಿಕೊಂಡು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಕಾಲಿಟ್ಟ ಪಾವಟಿಗೆಯ ಮೇಲೆ ಒದ್ದೆ ಹೆಜ್ಜೆ ಮೂಡಿದವು.

ಸಾವುಕಾರರು ನನ್ನ ಕಡೆ ತಿರುಗಿದರು. 'ನೀರ ತುಂಬೀದಿ! ಸ್ಪಂಜಿನಾಗ ನೀರ ತುಂಬಿ ನನ್ನ ಮರ್ಯಾದಿ ಕಳದೀದಿ!' ಎಂದು ಕೂಗಿದರು. ನಾನು ಕತ್ತರಿ ತೆಗೆದುಕೊಂಡು ಹತ್ತಿದೆ. ಹಗಲಿಡೀ ಕುಳಿತು ಹೊಲಿದ ಸೀಟನ್ನು ಆ ತುದಿಯಿಂದ ಈ ತುದಿಗೆ ಸೀಳಿದೆ. ಒಳಗಿನ ಸ್ಪಂಜು ಕಿತ್ತು ಹಿಂಡಿ ತೋರಿಸಿದೆ. ಒಂದು ಹನಿ ಬೀಳಲಿಲ್ಲ. ಸ್ಪಂಜಿನ ಚೂರುಗಳು ಗಾಳಿಗೆ ಹಾರಿಹೋದವು. ಅವರು ಆಗಷ್ಟೇ ಕುಳಿತು ಎದ್ದ ರೆಕ್ಸಿನ್ನು ಕೂಡ ಬಿಸಿಲಿಗೆ ಬೆಚ್ಚಗಿತ್ತು, ಒಣಗಿತ್ತು.

'ನೀರ ಹಾಕಿಲ್ಲಂತ ಹೇಮಗುಡ್ಡದ ದುರ್ಗಮ್ಮನ ಮುಂದ ಆಣಿ ಮಾಡತೀಯೇನು?' ಎಂದರು ಸಾವುಕಾರರು.

'ಈಗ ನಡೀರಿ ಮಾಡತೀನಿ. ದುರುಗಪ್ಪ ಕೆಲಸಾ ಬಿಟ್ಟ ಊರಿಗೆ ಹೋಗ್ಯಾನಂತ ನೀವೂ ಅಲ್ಲೇ ಆಣಿ ಮಾಡ್ರಿ' ಎಂದೆ.

ಅವರು ಕಾರು ಹತ್ತಿದರು. ಮರುದಿನದಿಂದ ಅವರ ಒಂದು ಲಾರಿಯೂ ನಮ್ಮ ಅಂಗಡಿಗೆ ಬರಲಿಲ್ಲ. ಬೇರೆ ಮಾಲೀಕರೂ ಕೆಲವರು ಕೈಬಿಟ್ಟರು. ಆ ವರ್ಷ ಹೇಗೆ ಕಳೆದೆವು ಎಂಬುದನ್ನು ಬರೆದರೆ ಅದೇ ಬೇರೆ ಕತೆಯಾಗುತ್ತದೆ. ಆಟೋದವರು, ಟ್ರ್ಯಾಕ್ಟರಿನವರು, ಭತ್ತದ ಮಷಿನ್ನಿನವರು ಅಂಗಡಿಯನ್ನು ಉಳಿಸಿದರು. ಹೇಳಿದರೆ ನಗಬೇಡಿ, ಅಣ್ಣನೂ ಅವತ್ತಿನಿಂದ ಮೊಬೈಲ್ ಅಂಗಡಿಯ ಸುದ್ದಿ ಎತ್ತಲಿಲ್ಲ. ನಾನು ಮತ್ತು ಯಮನೂರಪ್ಪ ದುರುಗಪ್ಪನ ಊರಿಗೆ ಹೋಗಿ ಅವನ ಹೆಂಡತಿಗೆ ಎಲ್ಲ ಹೇಳಿದೆವು, ಯಾರ ಮುಂದೆ ಬೇಕಾದರೂ ಹೇಳುತ್ತೇವೆ ಎಂದೆವು. 'ಯಾರ ಮುಂದ ಹೇಳತೀರವ್ವಾ, ಎಲ್ಲಾರೂ ಅವರ ಮಂದೀನ' ಎಂದಳು ಆಕೆ. ಸೀರೆಯನ್ನು ಅವಳು ಬಿಚ್ಚಿಯೂ ನೋಡಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆ ಹಳೆಯ ಲಾರಿಯನ್ನು ಮಾರಿದರು. ಮಾರುವ ಮುಂಚೆ, ಸೀಳಿದ ಸೀಟನ್ನು ಬಿಸಾಡು ಎಂದರಂತೆ. ಯಮನೂರಪ್ಪ ಅದನ್ನು ನನ್ನಲ್ಲಿಗೆ ತಂದು ಹಾಕಿ, ತಾನೂ ಅವರ ಕೆಲಸ ಬಿಟ್ಟ. ಬೇರೆ ಸ್ಪಂಜು ತುಂಬಿ, ಸೀಳನ್ನು ಕಪ್ಪು ದಾರದಿಂದ ಹೊಲಿದು, ಕೆಳಗೆ ಕಬ್ಬಿಣದ ಕಾಲು ಕೊಟ್ಟು ಅಂಗಡಿಯಲ್ಲಿ ಇಟ್ಟಿದ್ದೇನೆ. ಗಿರಾಕಿಗಳು ಅದರ ಮೇಲೆಯೇ ಕುಳಿತುಕೊಳ್ಳುತ್ತಾರೆ. ದುರುಗಪ್ಪನ ಹೆಂಡತಿ ಗಂಗಾವತಿಗೆ ಬಂದಾಗೆಲ್ಲ ಅದರ ಮೇಲೆ ಕಾಲು ಮಡಚಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ. ಎದ್ದವರ ಬೆನ್ನನ್ನು ನಾನು ಕದ್ದು ನೋಡುತ್ತೇನೆ. ಇಲ್ಲಿಯವರೆಗೆ ಒಬ್ಬರ ಬಟ್ಟೆಯೂ ಒದ್ದೆಯಾಗಿಲ್ಲ. ಮಳೆ ಬಂದಾಗ ಮುಟ್ಟಿ ನೋಡುತ್ತೇನೆ, ಒಣಗಿರುತ್ತದೆ.

ಬಲ್ಲವರನ್ನು ಕೇಳಿದ್ದೇನೆ. ಸಾವುಕಾರರದು ಬೆವರು, ಅಂಜಿಕೆಗೆ ಮನುಷ್ಯ ಹಾಗೂ ಬೆವರುತ್ತಾನೆ ಎಂದರು ಒಬ್ಬರು. ಬೆವರು ಧೋತರದ ಅಂಚಿನಿಂದ ತೊಟ್ಟಿಕ್ಕುತ್ತದೆಯೇ? ಬಿಳಿ ಅರಿವೆಯದು ಮುಚ್ಚಿದ ಕ್ಯಾಬಿನ್ನಿನೊಳಗಿನ ತಂಪಿನ ಹಸಿ ಎಂದರು ಇನ್ನೊಬ್ಬರು. ಹಸಿಗೆ ಹೆಗಲು ಸೊಂಟ ಇರುತ್ತವೆಯೇ? ಹಾಗೆಂದು ದೆವ್ವವೆನ್ನಲು ಈಗಲೂ ನನ್ನ ಬಾಯಿ ಒಪ್ಪುವುದಿಲ್ಲ. ಹಾಗೆಂದುಬಿಟ್ಟರೆ ಇದನ್ನೂ ಗಾಳಿಯ ತಲೆಗೆ ಕಟ್ಟಿದಂತಾಗುತ್ತದೆ, ಮಾಡಿದವರು ಬೆಚ್ಚಗೆ ಮನೆಯಲ್ಲಿರುತ್ತಾರೆ. ನೀರಿಗೆ ದಾರಿ ಬೇಕು ಎಂದಿದ್ದರು ಅಪ್ಪ. ಆ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಹೋದ ಬೇಸಿಗೆಯಲ್ಲಿ ಸಾವುಕಾರರು ಅಂಗಡಿಗೆ ಬಂದಿದ್ದರು. ಕೈಯಲ್ಲಿ ಕೋಲು, ಮೊಣಕಾಲು ಹಿಡಿದಿವೆ, ಮೆಟ್ಟಿಲು ಹತ್ತಲು ಡ್ರೈವರಿನ ಹೆಗಲು ಬೇಕಾಯಿತು. ಹೊಸಪೇಟೆಯವರ ಕೆಲಸ ಸರಿಬರಲಿಲ್ಲ, ಲಾರಿಗಳನ್ನು ಮತ್ತೆ ನಿನ್ನಲ್ಲಿಗೇ ಕಳಿಸುತ್ತೇನೆ ಎಂದರು. ನಾನು ಮಷಿನ್ ನಿಲ್ಲಿಸಿ, 'ಕುಂತ ಮಾತಾಡ್ರಿ ಸಾವ್ಕಾರ್ರ' ಎಂದು ಆ ಕೆಂಪು ಸೀಟು ತೋರಿಸಿದೆ. ಅವರು ಅದನ್ನು ನೋಡಿದರು. ಕಪ್ಪು ದಾರದ ಹೊಲಿಗೆಯನ್ನೂ ನೋಡಿದರು. ಹೊರಗೆ ಬಿಸಿಲು ಬೆಂಕಿಯಾಗಿತ್ತು. ನಾನು ಇನ್ನೊಮ್ಮೆ, ಕುಂದ್ರಿ ಎಂದೆ. ಕೋಲಿನ ಮೇಲೆ ಎರಡೂ ಕೈ ಊರಿ ಅವರು ಹೊರಡುವವರೆಗೂ ನಿಂತೇ ಇದ್ದರು.